ಕರೆಂಟು ಹೋದರೆ ಹಿಗ್ಗುವ ಮಾಮಾ

ಕರೆಂಟು ಹೋಗಲಿ ಎಂದು ಹಾರೈಸುವ ಮನುಷ್ಯ ಇಡೀ ಬನಹಟ್ಟಿಯಲ್ಲಿ ಒಬ್ಬರೇ ಇದ್ದಾರೆ. ಅವರು ನನ್ನ ಸೋದರಮಾವ. ಅದೂ ಮನೆಯಲ್ಲೇ ಎರಡು ಪವರ್‌ಲೂಮ್ ಇಟ್ಟುಕೊಂಡು, ಅವನ್ನು ನಡೆಸುವ ಹೆಂಡತಿಯ ಎದುರಿಗೇ!

ಮಾಮಾ ನಿವೃತ್ತ ಕನ್ನಡ ಮಾಸ್ತರರು. ವಿಶ್ವವಿದ್ಯಾಲಯವೊಂದು ನಮ್ಮ ಭಾಗದ ಮಾತನ್ನು ರೆಕಾರ್ಡ್ ಮಾಡಿ ಕೂಡಿಡುತ್ತಿದೆ. ಸಂಶೋಧನೆಗೂ ಬೇಕಂತೆ, ಹೊರಗಿನಿಂದ ಬರುವ ಶಿಕ್ಷಕರಿಗೆ ಇಲ್ಲಿನ ಮಕ್ಕಳ ಮಾತು ಕಲಿಸಲಿಕ್ಕೂ ಬೇಕಂತೆ. ಮಾಮಾ ತಾವಾಗಿಯೇ ಹೋಗಿ ಸೇರಿಕೊಂಡರು. ಅದಕ್ಕೆ ನಿಯಮಗಳಿವೆ: ಒಪ್ಪಿಗೆ ಕೇಳಬೇಕು, ಸದ್ದಿಲ್ಲದ ಜಾಗದಲ್ಲಿ ಮಾತಾಡಿಸಬೇಕು, ಆಡಿದ್ದನ್ನು ಆಡಿದಂತೆಯೇ ಬರೆದು ಜೊತೆಗೆ ಕಳಿಸಬೇಕು. ಬನಹಟ್ಟಿಯಲ್ಲಿ ಸದ್ದಿಲ್ಲದ ಜಾಗ ಎಲ್ಲಿಂದ ತರುವುದು? ಹಾಗಾಗಿ ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ನಿಂತ ಕೂಡಲೇ ಮಾಮಾ ರೆಕಾರ್ಡರ್ ಹಿಡಿದು ಚಪ್ಪಲಿ ಮೆಟ್ಟುತ್ತಾರೆ.

ಹುನ್ನೂರಿನ ಅಜ್ಜಿಯೊಬ್ಬಳು ರೆಕಾರ್ಡಿಂಗ್ ಎಂದೊಡನೆ ಟ್ರಂಕಿನಿಂದ ಇಳಕಲ್ ಸೀರೆ ತೆಗೆದುಟ್ಟಳು.

"ಫೋಟೋ ಅಲ್ಲಬೇ ಯವ್ವಾ, ಬರೇ ಮಾತು."

"ಮಾತಾದ್ರೇನು, ಹರಕ ಸೀರ್ಯಾಗ ಆಡಾಕ ಬರತೈತೇನು?"

ಸೀರೆಯ ಜೊತೆಗೆ ಅಜ್ಜಿಯ ಭಾಷೆಯೂ ಬದಲಾಯಿತು. ಟಿವಿಯಲ್ಲಿ ವಾರ್ತೆ ಓದುವವರ ಹಾಗೆ "ನಾನು ಪ್ರತಿದಿನ ಸೂರ್ಯೋದಯಕ್ಕೆ ಏಳುತ್ತೇನೆ" ಎಂದು ಶುರು ಮಾಡಿದಳು. ಮಾಮಾ ಸುಸ್ತಾಗಿ ಬಂದ್ ಮಾಡಿದ ಮೇಲೆ, ಸೊಸೆಯ ಬಗ್ಗೆ ಅರ್ಧ ಗಂಟೆ ಅಚ್ಚ ಹುನ್ನೂರಿನ ಮಾತಾಡಿದಳಂತೆ!

ನಳದ ಹತ್ತಿರ ಇಬ್ಬರು ಹೆಂಗಸರ ಜಗಳ ಕಾವೇರಿದಾಗ ಮಾಮಾ ನಡುವೆ ಹೋಗಿ ನಿಂತರು. "ಅಕ್ಕಾರ, ಮೊದಲಿಂದ ಇನ್ನೊಮ್ಮಿ ಬೈರಿ. ಇದನ್ನ ಮಾಸ್ತರಗೋಳಿಗೆ ಕಲಸಾಕ ಬಳಸಬಹುದಲ್ಲ?" ಇಬ್ಬರಿಗೂ ನಗು ಬಂದು ಜಗಳವೇ ಮುರಿದುಬಿತ್ತು. ಒಳ್ಳೆಯ ಬೈಗುಳ ಹಾಳಾಯಿತಲ್ಲ ಎಂದು ಮಾಮಾ ಎರಡು ದಿನ ಕೊರಗಿದರು.

ಮುಧೋಳ, ಬೀಳಗಿ ಎಲ್ಲ ಸುತ್ತಿದರೂ ಮಾಮಾನಿಗೆ ತೃಪ್ತಿಯಿರಲಿಲ್ಲ. ಸಂಗ್ರಹದಲ್ಲಿ ಅತ್ತೆಯ ಮಾತು ಇರಲೇಬೇಕೆಂಬುದು ಅವರ ಹಟ. ಅತ್ತೆಯೋ ರೆಕಾರ್ಡರ್ ಕಂಡರೆ ಬಾಯಿಗೆ ಬೀಗ ಹಾಕುತ್ತಾಳೆ. "ಮಗ್ಗದ ಮುಂದ ಬಿಟ್ರ ಬ್ಯಾರೆ ಕಡೆ ನನಗ ಮಾತ ಬರೂದಿಲ್ರಿ" ಎನ್ನುತ್ತಾಳೆ. ಅದು ಖರೆ. ಮಗ್ಗದ ಗದ್ದಲದಲ್ಲಿ ಕೂಗಿದರೂ ಕೇಳದು; ಅಲ್ಲಿಯವರ ಮಾತೆಲ್ಲ ತುಟಿಯಲ್ಲಿ, ಕೈಯಲ್ಲಿ. ಮದುವೆಯಾದಂದಿನಿಂದ ಅವರಿಬ್ಬರ ಸಂಸಾರ ನಡೆದದ್ದೂ ಹಾಗೆಯೇ.

ಸಂಗ್ರಹ ಮುಗಿಯಲು ಒಂದು ವಾರ ಉಳಿದಿತ್ತು. ಮಾಮಾ ತಾವೇ ನಿಯಮ ಮುರಿದು, ಓಡುತ್ತಿದ್ದ ಮಗ್ಗದ ಎದುರಿಗೆ ರೆಕಾರ್ಡರ್ ಹಿಡಿದು ನಿಂತರು. ಎರಡು ದಿನದ ಮೇಲೆ ವಿಶ್ವವಿದ್ಯಾಲಯದ ಹುಡುಗಿಯ ಫೋನು ಬಂತು. ನಾನೂ ಅಲ್ಲೇ ಇದ್ದೆ.

"ಸರ್, ಇದರಲ್ಲಿ ಬರೀ ಮಗ್ಗದ ಸದ್ದಿದೆ. ಮಾತೇ ಇಲ್ಲ."

"ಐತ್ರಿ. ನಾ ಎದುರಿಗೇ ನಿಂತು ಮನ್ಯಾಕಿ ತುಟಿ ನೋಡಿ ಬರದೇನಿ. ಜೋಡಿ ಕಳಸಿದ ಹಾಳಿ ಓದ್ರಿ."

ಆ ಹಾಳೆಯ ಪ್ರತಿ ಮೇಜಿನ ಮೇಲಿತ್ತು. ಮಾಸ್ತರರ ದುಂಡನೆಯ ಅಕ್ಷರ: "ಬಿಸಲಾಗ ತಿರಗಿ ಮಾರಿ ಕರ್ರಗಾಗೈತಿ. ನೀರ ಕುಡದು ಒಂದೀಟ ಕುಂಡ್ರಿ. ಇದೊಂದು ಎಳಿ ಕಟ್ಟಿ ಬರ್ತೇನಿ, ಕೂಡೇ ಉಣ್ಣೂನು."

ಮಾಮಾನನ್ನು ಆಡಿಕೊಂಡು ನಕ್ಕಿದ್ದೆಲ್ಲ ನೆನಪಾಗಿ ನಾನು ಹಾಳೆಯನ್ನು ಇನ್ನೊಮ್ಮೆ ಓದಿದೆ. ಆ ಕಡೆಯ ಹುಡುಗಿಯೂ ಹಾಳೆ ಹುಡುಕಿ ಓದಿರಬೇಕು. ಆಮೇಲೆ "ಇರಲಿ ಸರ್, ಇದನ್ನೂ ಸೇರಿಸುತ್ತೇವೆ" ಎಂದಳು.

ಮಾಮಾ ಫೋನಿಟ್ಟು ನೆಟ್ಟಗೆ ಒಳಗೆ ನಡೆದರು. ಮಗ್ಗದ ಆಚೆ ನಿಂತು ತುಟಿಯಲ್ಲೇ ಏನೋ ಹೇಳಿದರು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಅತ್ತೆ ಮಾತ್ರ ನಾಚಿ ಸೆರಗಿನಿಂದ ಮುಖ ಒರೆಸಿಕೊಂಡಳು.