ಊಟದ ಮೇಜಿನ ಮೇಲೆ ಇಂಜಿನ್ನಿನ ತಲೆ

ಲಾರಿಯ ಪಿಸ್ಟನ್ನುಗಳನ್ನು ಪಾತ್ರೆ ತೊಳೆಯುವ ಸೋಪು ಹಾಕಿ ತಿಕ್ಕುವ ಹೆಂಗಸು ಭೂಮಂಡಲದಲ್ಲಿ ಒಬ್ಬಳೇ. ಅವಳನ್ನು ನಾನು ಮದುವೆಯಾಗಿದ್ದೇನೆ.

ನ್ಯಾಯ ನೀವೇ ಹೇಳಿ. ಹತ್ತು ವರ್ಷದಿಂದ ನಮ್ಮನ್ನು ಸಾಕಿದ ಲಾರಿ ಗುರುವಾರ ಏರಿನಲ್ಲಿ ನೀಲಿ ಹೊಗೆ ಕಾರಿ ಕಾಲು ಚಾಚಿತು. ಸೋಮವಾರ ಬೆಳಿಗ್ಗೆ ಶಾಲೆಯೊಂದಕ್ಕೆ ಬೆಂಚು ಸಾಗಿಸುತ್ತೇನೆಂದು ಮಾತು ಕೊಟ್ಟಿದ್ದೆ. ತಪ್ಪಿದರೆ ಆ ಲೋಡು ನನ್ನ ಹೆಂಡತಿಯ ತಮ್ಮನ ಪಾಲು. ಅವನಿಗೂ ಒಂದು ಲಾರಿಯಿದೆ, ಸಾಲದ್ದಕ್ಕೆ ಸ್ವಂತ ಗ್ಯಾರೇಜಿದೆ, ಎಲ್ಲಕ್ಕಿಂತ ಮಿಗಿಲಾಗಿ ಒಂದು ಮುಗುಳ್ನಗೆಯಿದೆ. (ಮೊದಲೆರಡನ್ನು ಹೇಗೋ ಸಹಿಸಬಹುದು.)

"ತಮ್ಮನ್ನ ಕರೀಲೇನ್ರೀ?"

"ಕೂಡದು! ಇಪ್ಪತ್ತು ವರ್ಷ ಸ್ಟೇರಿಂಗ್ ಹಿಡಿದವನಿಗೆ ಇಂಜಿನ್ ಬಿಚ್ಚೋಕೆ ಬರಲ್ವಾ?"

"ಇಪ್ಪತ್ತು ವರ್ಷದಿಂದ ಊಟಾನೂ ಮಾಡ್ತಿದ್ದೀರಿ. ಅಡುಗೆ ಬಂತಾ?"

ಈ ಕುಹಕಕ್ಕೆ ಉತ್ತರ ಕೊಟ್ಟದ್ದು ನನ್ನ ಸ್ಪ್ಯಾನರು. ಶುಕ್ರವಾರ ಸಂಜೆಯೊಳಗೆ ಇಂಜಿನ್ನಿನ ಹೆಡ್ಡು ಊಟದ ಮೇಜನ್ನೂ, ನಾಲ್ಕು ಪಿಸ್ಟನ್ನುಗಳು ಸೋಫಾವನ್ನೂ ಅಲಂಕರಿಸಿದವು. ಅಂಗಳದಲ್ಲಿ ಬಾಯಿ ತೆರೆದು ನಿಂತ ಲಾರಿಯೊಳಗೆ ಧೂಳು ಹೋಗಬಾರದಲ್ಲ? ಕಸುಬಿನ ಧರ್ಮದಂತೆ, ಕಂಡ ತೂತಿಗೆಲ್ಲ ಕೈಗೆ ಸಿಕ್ಕ ಬಟ್ಟೆ ತುರುಕಿದೆ.

ಶನಿವಾರ ನಾನು ಹೊಸ ರಿಂಗು, ಗ್ಯಾಸ್ಕೆಟ್ಟು ತರಲು ಹೋಗಿದ್ದಾಗಲೇ ಆ ಸೋಪಿನ ಅಪಚಾರ ನಡೆದದ್ದು. ಬಂದು ನೋಡಿದರೆ ಪಿಸ್ಟನ್ನುಗಳು ಲೋಟಗಳ ಪಕ್ಕದಲ್ಲಿ ಬೋರಲಾಗಿ ಒಣಗುತ್ತಿವೆ! ಒಂದೊಂದಕ್ಕೂ ನಂಬರಿನ ಚೀಟಿ ಬೇರೆ. ಬೋಲ್ಟುಗಳೆಲ್ಲ ಡಬ್ಬಿಗಳಲ್ಲಿ.

"ಇದೇನು ಇಂಜಿನ್ನೋ, ಅಡುಗೆಮನೆಯೋ?"

"ಸೋಫಾ ಮೇಲೆ ಎಣ್ಣೆ ಸುರೀತಿತ್ತು. ಯಾವುದು ಎಲ್ಲಿತ್ತು ಅಂತ ಬರೆದೇ ತೊಳೆದಿದ್ದೀನಿ."

ಬೈಯಲು ಅಷ್ಟು ಸಾಲದೆಂಬಂತೆ, ಸ್ನಾನ ಮಾಡಿ ಬಂದರೆ ನನ್ನ ಹೊಸ ಬನಿಯನ್ನು ನಾಪತ್ತೆ!

"ಪಿಸ್ಟನ್ ತೊಳೆಯೋಳಿಗೆ ಗಂಡನ ಬನಿಯನ್ ಕಾಯೋಕಾಗಲ್ವಾ? ಇವತ್ತಿಂದ ಈ ಮನೆ ಬಟ್ಟೆ ನಾನೇ ಒಗೀತೀನಿ! ಒಂದು ಗುಂಡಿ ಕಳೆದ್ರೂ ಕೇಳು!"

"ಆಣೆ?"

"ಆಣೆ!"

ಭಾನುವಾರವೆಲ್ಲ ಜೋಡಿಸಿದೆ. ಸೋಮವಾರ ಬೆಳಿಗ್ಗೆ ಕೀ ತಿರುಗಿಸಿದೆ. ಇಂಜಿನ್ನು ಗೊರಗೊರ ಅಂದಿತು, ಕೆಮ್ಮಿತು, ಸುಮ್ಮನಾಯಿತು. ಹತ್ತು ಸಲ ಹಾಗೇ.

"ನಿನ್ನ ಸೋಪು! ನಿನ್ನ ಸೋಪೇ ಅದರ ಪ್ರಾಣ ತೆಗೀತು!" ಎಂದು ಬೀದಿಗೆ ಕೇಳುವಂತೆ ಕೂಗಿದೆ. ಅವಳು ಫೋನು ತೆಗೆದು ತಮ್ಮನ ನಂಬರು ಒತ್ತಿದಳು.

ಮುಗುಳ್ನಗೆ ಕಾಲು ಗಂಟೆಯಲ್ಲಿ ಬಂತು, ಹಿಂದೆ ಭಾವಮೈದುನನೂ ಬಂದ. ಬೆಂಚು ತುಂಬಲು ಸಿದ್ಧವಾಗಿ ಅವನ ಲಾರಿಯೂ ಬಂದು ಗೇಟಿನ ಹೊರಗೆ ನಿಂತಿತ್ತು.

"ಇನ್ನೊಂದ್ಸಲ ಹೊಡೀರಿ ಭಾವ," ಎಂದು ಕಿವಿಗೊಟ್ಟು ಕೇಳಿದ. "ಜೋಡಣೆ ಚೆನ್ನಾಗಿದೆ. ಚೀಟಿ ಅಕ್ಕಂದಾ? ಆದ್ರೆ ಪಾಪ, ಇದಕ್ಕೆ ಉಸಿರಾಡೋಕೇ ಆಗ್ತಿಲ್ಲ."

ಗಾಳಿ ಎಳೆಯುವ ಕೊಳವೆ ಬಿಚ್ಚಿ, ಎರಡು ಬೆರಳು ಹಾಕಿ ಎಳೆದ. ಎಳೆದಷ್ಟೂ ಬರುತ್ತಲೇ ಇತ್ತು. ಮೊದಲು ಅಂಚು, ಆಮೇಲೆ ಒಂದು ತೋಳು, ಆಮೇಲೆ ಇಡೀ ಬನಿಯನ್ನು! ಶುಕ್ರವಾರ ಸೆಖೆಗೆ ಕಳಚಿ ಬಾನೆಟ್ಟಿನ ಮೇಲೆ ಇಟ್ಟವನು ನಾನೇ, ಕೈಗೆ ಸಿಕ್ಕ ಬಟ್ಟೆಯೆಂದು ತುರುಕಿದವನೂ ನಾನೇ.

ಕೀ ತಿರುಗಿಸಿದೆ. ಇಂಜಿನ್ನು ಒಂದೇ ಏಟಿಗೆ ಗುಡುಗಿತು. ಅಕ್ಕ-ತಮ್ಮ ಇಬ್ಬರೂ ಏನೋ ಹೇಳಿದರು. ದೇವರ ದಯೆ, ಆ ಸದ್ದಿನಲ್ಲಿ ಕೇಳಿಸಲಿಲ್ಲ.

ಬೆಂಚುಗಳು ನನ್ನ ಲಾರಿಯಲ್ಲೇ ಶಾಲೆ ಸೇರಿದವು. ಮಾನ ಉಳಿಯಿತು ಅಂದುಕೊಂಡು ಮನೆಗೆ ಬಂದರೆ, ಬಚ್ಚಲಲ್ಲಿ ನಾಲ್ಕು ಬಕೆಟ್ ಬಟ್ಟೆ ನೆನೆದಿತ್ತು. ಮೇಲುಗಡೆ ಎಣ್ಣೆ ಕುಡಿದ ಬನಿಯನ್ನು.

ಅಂದಿನಿಂದ ಒಗೆಯುತ್ತಲೇ ಇದ್ದೇನೆ. ನಿನ್ನೆ ಹಗ್ಗದ ಮೇಲಿನ ಬಟ್ಟೆಗಳನ್ನು ಎಣಿಸುತ್ತಾ ನಿಂತವಳು ಕೇಳಿದಳು:

"ಏನ್ರೀ, ಒಂದು ಟವೆಲ್ ಕಾಣ್ತಿಲ್ಲ. ಮತ್ತೆ ಇಂಜಿನ್ನೇನಾದ್ರೂ ಬಿಚ್ಚಿದ್ರಾ?"