ಒದ್ದೆ ಕಂಬಳಿ ಮತ್ತು ಅತ್ತೆಯ ಏಳು ನಿಮಿಷ

ಆ ದಿನದ ಡೈರಿಯಲ್ಲಿ ದಪ್ಪ ಅಕ್ಷರದಲ್ಲಿ ಹೀಗೆ ಬರೆದಿದ್ದೇನೆ: "ಇಂದಿನಿಂದ ಈ ಮನೆಯಲ್ಲಿ ನಾವು ಟಿವಿಯ ಹೊತ್ತಿಗೆ ಕಾಯುವುದಿಲ್ಲ. ಟಿವಿ ನಮ್ಮ ಹೊತ್ತಿಗೆ ಕಾಯತಕ್ಕದ್ದು." ಕೆಳಗೆ ಎರಡು ಗೆರೆ ಎಳೆದು ಸಹಿಯನ್ನೂ ಹಾಕಿದ್ದೇನೆ. ಸಹಿಯ ಮೇಲೆ ಮಗಳು ಕಕ್ಕಿದ ಹಾಲಿನ ಕಲೆಯಿದೆ. ಅದನ್ನು ನೋಡಿಯಾದರೂ ನಾನು ಎಚ್ಚರಗೊಳ್ಳಬೇಕಿತ್ತು.

ಮಗಳಿಗೆ ಏಳು ತಿಂಗಳು. ಅಜ್ಜಿ ಇಟ್ಟ ಮುದ್ದಿನ ಹೆಸರು ಗುಂಡಿ. ಅಂಗಿಯ ಗುಂಡಿ, ರಸ್ತೆಯದ್ದಲ್ಲ. ಅವಳು ಹುಟ್ಟಿದ ಮೇಲೆ ನಾನು ಟಿವಿಯಲ್ಲಿ ಯಾವ ಕಥೆಯ ಕೊನೆಯನ್ನೂ ಕಂಡವಳಲ್ಲ. ಹತ್ತು ಕೊಲೆ ನೋಡಿದ್ದೇನೆ, ಕೊಲೆಗಾರ ಒಬ್ಬನೂ ಸಿಕ್ಕಿಲ್ಲ. ಸರಿಯಾಗಿ ಪೊಲೀಸರು ಬಾಗಿಲು ಬಡಿಯುವ ಹೊತ್ತಿಗೆ ಗುಂಡಿ ಏಳುತ್ತಾಳೆ.

ಹೆರಿಗೆ ರಜೆಗೆ ಮುಂಚೆ ಶಾಲೆಯೊಂದರ ಕಂಪ್ಯೂಟರ್ ಕೋಣೆ ನನ್ನ ವಶದಲ್ಲಿತ್ತು. ಅಲ್ಲಿಂದ ನಿವೃತ್ತಿಯಾದ ಒಂದು ಕಂಪ್ಯೂಟರ್ ನಮ್ಮ ಮಲಗುವ ಕೋಣೆಯ ಮೂಲೆಯಲ್ಲಿ, ಒಗೆದ ಬಟ್ಟೆಯ ಬುಟ್ಟಿಯ ಪಕ್ಕ ಕೂತಿತ್ತು. ಅದಕ್ಕೆ ಟಿವಿಯ ತಂತಿ ಜೋಡಿಸಿ, ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡಿಟ್ಟುಕೊಳ್ಳುವ ಯಂತ್ರ ಮಾಡುವುದು ನನ್ನ ಮಹಾಯೋಜನೆ.

"ಎನ್‌ಕೋಡಿಂಗ್ ಯಾರು ಮಾಡ್ತಾರೆ?" ಎಂದರು ನಮ್ಮವರು. ಇವರು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವರು. ಯಾವುದೋ ಗಿರಾಕಿಯಿಂದ ಪದ ಕಲಿತು ಬಂದಿದ್ದರು.

ಎನ್‌ಕೋಡಿಂಗ್ ಅಂದರೆ ಬ್ರಹ್ಮವಿದ್ಯೆಯೇನಲ್ಲ, ಬಟ್ಟೆ ಮಡಿಸುವುದು. ಟಿವಿಯಿಂದ ಸೆಕೆಂಡಿಗೆ ಇಪ್ಪತ್ತೈದು ಚಿತ್ರಗಳು, ಒಗೆದ ಬಟ್ಟೆಯ ಹಾಗೆ ಬಂದು ರಾಶಿ ಬೀಳುತ್ತವೆ. ಹಾಗೇ ತುರುಕಿದರೆ ಡಿಸ್ಕ್ ಎಂಬ ಪೆಟ್ಟಿಗೆ ನೋಡನೋಡುತ್ತಲೇ ತುಂಬಿಹೋಗುತ್ತದೆ. ಒಂದೊಂದನ್ನೂ ಮಡಿಸಿ, ಒತ್ತಿ, ಚಿಕ್ಕದು ಮಾಡಿ ಇಡಬೇಕು. ಕಂಪ್ಯೂಟರಿನ ಪ್ರೊಸೆಸರೇ ಉಳಿದ ಕೆಲಸದ ಜೊತೆ ಇದನ್ನೂ ಮಾಡಿದರೆ ಅದು ಸಾಫ್ಟ್‌ವೇರ್ ದಾರಿ. ಮಡಿಸುವುದಕ್ಕೆಂದೇ ಬೇರೆ ಚಿಪ್ ಇರುವ ಕಾರ್ಡ್ ತಂದು ಸಿಕ್ಕಿಸಿದರೆ ಹಾರ್ಡ್‌ವೇರ್ ದಾರಿ.

"ಪ್ರೊಸೆಸರೇ ಮಾಡುತ್ತೆ," ಎಂದೆ.

"ಕಾರ್ಡ್ ಹಾಕ್ಸು. ಒಂದು ಕೆಲಸಕ್ಕೆ ಒಂದು ಯಂತ್ರ. ನಮ್ಮಂಗಡೀಲಿ ಗಾಜು ಉಜ್ಜೋದೇ ಬೇರೆ, ತೂತು ಕೊರೆಯೋದೇ ಬೇರೆ."

"ರೀ, ನಾನೊಬ್ಬಳೇ ಮಗೂನೂ ನೋಡ್ತೀನಿ, ಒಲೆ ಮೇಲಿನ ಹಾಲೂ ನೋಡ್ತೀನಿ, ಯಾರಾದ್ರೂ ಬಂದ್ರೆ ಬಾಗಿಲೂ ತೆಗೀತೀನಿ. ನನಗೇನಾದ್ರೂ ಬೇರೆ ಚಿಪ್ ಹಾಕ್ಸಿದೀರಾ?"

"ನಿನ್ನೆ ಹಾಲು ಉಕ್ಕಿತ್ತು."

"ಅದು ಬೇರೆ ವಿಷಯ."

ಸಾಫ್ಟ್‌ವೇರ್ ದಾರಿಯೇ ಗೆದ್ದಿತು. ಮೊದಲ ರೆಕಾರ್ಡಿಂಗ್ ಶುರುವಾದ ಎರಡು ನಿಮಿಷಕ್ಕೆ ಕಂಪ್ಯೂಟರಿನ ಫ್ಯಾನು ಗುಂಯ್‌ಗುಟ್ಟಿತು. ಐದು ನಿಮಿಷಕ್ಕೆ ಹಿಟ್ಟಿನ ಗಿರಣಿಯೇ ಮನೆಗೆ ಬಂದಂತಾಯಿತು. ನಮ್ಮವರು ಬಾಯಿ ತೆರೆದು ಏನೋ ಹೇಳಿದರು. ಫ್ಯಾನಿನ ದಯೆಯಿಂದ ನನಗೆ ಕೇಳಿಸಲಿಲ್ಲ.

ಆಗಲೇ ಪವಾಡ ನಡೆದದ್ದು. ತೊಟ್ಟಿಲಲ್ಲಿ ಮುಷ್ಟಿ ಬಿಗಿದು ಅರಚುತ್ತಿದ್ದ ಗುಂಡಿ ಸುಮ್ಮನಾದಳು. ಕಣ್ಣು ಅರಳಿಸಿದಳು, ಆಕಳಿಸಿದಳು, ನಿದ್ದೆಹೋದಳು. ಏಳು ತಿಂಗಳಿಂದ ಲಾಲಿ ಹಾಡಿ ಹಾಡಿ ನನ್ನ ಗಂಟಲು ಕಟ್ಟಿತ್ತು. ಮಗಳಿಗೆ ಬೇಕಿದ್ದದ್ದು ತಾಯಿಯ ಇಂಪಾದ ದನಿಯಲ್ಲ, ಕಾದ ಪ್ರೊಸೆಸರಿನ ಗೋಳು!

ಎರಡನೆಯ ಲಾಭವನ್ನು ಕಂಡುಹಿಡಿದವಳೂ ನಾನೇ. ಕಂಪ್ಯೂಟರಿನ ತಲೆಯ ಮೇಲೊಂದು ಜಾಲರಿಯಿದೆ. ಅದರಿಂದ ಬಿಸಿ ಗಾಳಿ ಬುಸುಬುಸು ಬರುತ್ತಿತ್ತು. ಬರುವ ಗಾಳಿಯನ್ನು ದಂಡ ಮಾಡಬಾರದೆಂದು ಗುಂಡಿಯ ಒದ್ದೆ ಕಾಲುಚೀಲಗಳನ್ನು ಜಾಲರಿಯ ಅಂಚಿಗೆ ಸಾಲಾಗಿ ಇಟ್ಟೆ. ಅರ್ಧ ಗಂಟೆಗೆ ಗರಿಗರಿ. ಮಗು ಮಲಗುತ್ತದೆ, ಬಟ್ಟೆ ಒಣಗುತ್ತದೆ, ಟಿವಿ ರೆಕಾರ್ಡಾಗುತ್ತದೆ. ಹಾರ್ಡ್‌ವೇರ್ ಕಾರ್ಡು ಇದರಲ್ಲಿ ಒಂದನ್ನಾದರೂ ಹೆಚ್ಚಿಗೆ ಮಾಡೀತೇ ಎಂದು ಇವರನ್ನು ಕೇಳಿದೆ.

"ಚಿತ್ರ ನೋಡು ಮೊದಲು," ಎಂದರು.

ಚಿತ್ರದಲ್ಲಿ ಒಬ್ಬ ಓಟಗಾರನಿದ್ದ. ಗೆರೆಯ ಬಳಿ ಬಗ್ಗಿ ನಿಂತಿದ್ದವನು ಮರುಕ್ಷಣ ಅರ್ಧ ಮೈದಾನದಲ್ಲಿದ್ದ.

"ಇವನು ಓಡ್ತಿದಾನೋ, ಮಾಯವಾಗ್ತಿದಾನೋ?"

ಪ್ರೊಸೆಸರು ಕೈಸೋತಾಗ ಬಟ್ಟೆಯ ರಾಶಿಯನ್ನೇ ಮಡಿಸದೆ ಮಂಚದ ಕೆಳಗೆ ತಳ್ಳುತ್ತಿತ್ತು. ನಾನು ಮಾಡುವುದೂ ಅದನ್ನೇ. ಹಾಗಾಗಿ ಬೈಯಲು ಮನಸ್ಸು ಬರಲಿಲ್ಲ.

ಇಷ್ಟರಲ್ಲಿ ಅತ್ತೆಯವರಿಗೆ ಟಿವಿಯಿಂದ ಕರೆ ಬಂತು. ನಮ್ಮತ್ತೆ ಮೂವತ್ತೊಂದು ವರ್ಷ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹೊಲಿಗೆಯವರಾಗಿದ್ದವರು. ಹರಿದ ಹಾಸಿಗೆ ಬಟ್ಟೆ, ಡಾಕ್ಟರರ ನಿಲುವಂಗಿ, ಎಲ್ಲ ಅವರ ಕೈಯಲ್ಲಿ ಹೊಸ ಜನ್ಮ ಪಡೆಯುತ್ತಿದ್ದವು. ಊರಿನ ಟಿವಿ ವಾಹಿನಿಯೊಂದರ ಮಧ್ಯಾಹ್ನದ ಕಾರ್ಯಕ್ರಮದಲ್ಲಿ, ಸವೆದ ಅಂಗಿಯ ಕಾಲರನ್ನು ಬಿಚ್ಚಿ ತಿರುಗಿಸಿ ಹೊಲಿಯುವುದು ಹೇಗೆಂದು ಅವರು ತೋರಿಸಬೇಕಿತ್ತು. ಏಳು ನಿಮಿಷ.

ಅತ್ತೆ ವಾರಪೂರ್ತಿ ಅಭ್ಯಾಸ ಮಾಡಿದರು. ಮನೆಯಲ್ಲಿ ಕಾಲರಿದ್ದ ಅಂಗಿಗಳೆಲ್ಲ ಒಂದೊಂದು ಸಲ ತಿರುಗಿದವು. ಸೂಜಿಗೆ ದಾರ ಮಾತ್ರ ನನ್ನಿಂದಲೇ ಪೋಣಿಸಿಕೊಳ್ಳುತ್ತಿದ್ದರು. "ಬೆಳಕು ಸರಿಯಿಲ್ಲ ಕಣಮ್ಮ," ಎನ್ನುತ್ತಿದ್ದರು, ಮಟಮಟ ಮಧ್ಯಾಹ್ನ, ಕಿಟಕಿಯ ಪಕ್ಕ ಕೂತು.

ಹಿಂದಿನ ದಿನ ಗುಂಡಿಯನ್ನು ತೊಡೆಯ ಮೇಲೆ ಆಡಿಸುತ್ತ ಹೇಳಿದರು: "ನೇರ ಪ್ರಸಾರ ಅಂತೆ. ಅಂದ್ರೆ ಊರವರೆಲ್ಲ ನೋಡ್ತಾರೆ, ನಾನೊಬ್ಬಳು ಬಿಟ್ಟು."

"ಅತ್ತೆ, ರೆಕಾರ್ಡ್ ಮಾಡೋಕೆ ನಾನಿಲ್ವಾ? ನೀವು ಮನೆಗೆ ಬಂದು ಕಾಲು ಚಾಚಿ ಕೂತು ನೋಡಿ."

"ಸರಿಯಾಗಿ ಬರುತ್ತಲ್ವಾ? ಕೆಲಸ ಮಾಡುವಾಗ ನಾನು ಹೇಗೆ ಕಾಣ್ತೀನಿ ಅಂತ ಈ ವಯಸ್ಸಿನವರೆಗೆ ನೋಡಿಲ್ಲ. ಕನ್ನಡಿ ಮುಂದೆ ಕೂತು ಯಾರೂ ಹೊಲಿಯಲ್ಲ."

ಅತ್ತೆಗಾಗಿ ಎಂದು ಚಿತ್ರದ ಗುಣಮಟ್ಟವನ್ನು ಅತ್ಯುತ್ತಮಕ್ಕೆ ಏರಿಸಿಬಿಟ್ಟೆ. ಅಂದರೆ, ಸಾಮಾನ್ಯ ಮಡಿಕೆಗೇ ಏದುಸಿರು ಬಿಡುತ್ತಿದ್ದ ಪ್ರೊಸೆಸರಿಗೆ, ಇನ್ನು ಪ್ರತಿ ಬಟ್ಟೆಗೂ ಇಸ್ತ್ರಿ ಹಾಕಿ ಮಡಿಸು ಎಂದು ಅಪ್ಪಣೆ ಕೊಟ್ಟೆ. ಅತಿ ಆಸೆ ಗತಿ ಕೇಡು ಎಂದು ಹಿರಿಯರು ಹೇಳಿದ್ದು ನನ್ನನ್ನು ನೋಡಿಯೇ ಇರಬೇಕು.

ಮರುದಿನ ಮಧ್ಯಾಹ್ನ ನಮ್ಮವರು ಅಂಗಡಿಗೆ ರಜೆ ಹಾಕಿ, ಅಮ್ಮನ ಸೂಜಿ ಡಬ್ಬಿ ಹಿಡಿದು ಸ್ಟುಡಿಯೋಗೆ ಹೊರಟರು. ಅತ್ತೆ ಹೊರಡುವ ಗಡಿಬಿಡಿಯಲ್ಲೂ ಬಚ್ಚಲಿಂದ ಮಲಗುವ ಕೋಣೆಗೆ, ಅಲ್ಲಿಂದ ಬಾಗಿಲಿಗೆ ಎರಡು ಸಲ ಓಡಾಡಿದರು. ಯಾಕೆಂದು ನಾನು ಕೇಳಲಿಲ್ಲ.

ಹೊತ್ತಿಗೆ ಸರಿಯಾಗಿ ರೆಕಾರ್ಡಿಂಗ್ ತಾನೇ ಶುರುವಾಯಿತು. ಗಿರಣಿ ಮೊರೆಯಿತು. ನಾನು ನಡುಮನೆಯಲ್ಲಿ ಟಿವಿಯ ಮುಂದೆ ಕೂರಬೇಕೆಂದಿದ್ದವಳು, ಮೊದಲು ಗುಂಡಿಯನ್ನು ಮಲಗಿಸಿಬಿಡೋಣವೆಂದು ಕೋಣೆಗೆ ಹೋಗಿ ಅವಳ ಪಕ್ಕ ಒರಗಿದೆ. ಒಂದೇ ನಿಮಿಷ ಅಂದುಕೊಂಡೆ. ಕಿವಿಯಲ್ಲಿ ಗುಂಯ್, ಕೋಣೆಯಲ್ಲಿ ಬೆಚ್ಚಗೆ, ಎದೆಗೆ ಮೆತ್ತನೆಯ ಮಗು. ಗುಂಡಿಗಿಂತ ಮೊದಲು ನಿದ್ದೆಹೋದವಳು ನಾನು.

ನನ್ನನ್ನು ಎಬ್ಬಿಸಿದ್ದು ಸದ್ದಲ್ಲ, ನಿಶ್ಶಬ್ದ. ಮನೆಯೆಲ್ಲ ಉಸಿರು ನಿಂತಂತೆ ಮೌನ. ಆಮೇಲೆ ಗುಂಡಿಯ ಕಿರುಚಾಟ.

ಕಂಪ್ಯೂಟರ್ ಆರಿಹೋಗಿತ್ತು. ಮುಟ್ಟಿದರೆ ಕಾವಲಿ. ಅದರ ತಲೆಯ ಮೇಲೆ, ಜಾಲರಿಯನ್ನು ಒಂದಿಷ್ಟೂ ಕಾಣದಂತೆ ಮುಚ್ಚಿ, ನಾಲ್ಕು ಮಡಿಕೆ ಹಾಕಿದ ಒದ್ದೆ ಕಂಬಳಿ. ಗುಂಡಿಯ ಹಳದಿ ಕಂಬಳಿ. ಅಂಚಿಗೆ ಅಂಚು ಕೂಡಿಸಿ, ಗೆರೆ ಎಳೆದ ಹಾಗೆ ಮಡಿಸಿದ್ದು. ಈ ಮನೆಯಲ್ಲಿ ಹಾಗೆ ಮಡಿಸಲು ಬರುವವರು ಒಬ್ಬರೇ.

ಸೊಸೆ ಕಾಲುಚೀಲ ಒಣಗಿಸುವುದನ್ನು ದಿನವೂ ನೋಡುತ್ತಿದ್ದ ಅತ್ತೆ, ಮಗುವಿಗೆ ಸಂಜೆಗೆ ಬೇಕಾದೀತೆಂದು ಕಂಬಳಿ ಹಿಂಡಿ ಇಟ್ಟು ಹೋಗಿದ್ದರು. ಉಸಿರಾಡಲು ದಾರಿಯಿಲ್ಲದೆ ಯಂತ್ರ ಕಾದು ಕಾದು ಮೂರ್ಛೆ ಹೋಗಿತ್ತು. ತಮ್ಮ ಏಳು ನಿಮಿಷವನ್ನು ತಾವೇ ಕಂಬಳಿ ಹೊದಿಸಿ ಮಲಗಿಸಿದ್ದರು, ಪಾಪ. ಅದಕ್ಕೆ ಗುರು ನಾನು.

ಇದನ್ನು ಅವರಿಗೆ ಹೇಳುವುದೇ? ಆ ಕ್ಷಣದಲ್ಲಿ ನನ್ನೊಳಗೊಬ್ಬಳು ತ್ಯಾಗಮಯಿ ಎದ್ದು ನಿಂತಳು. ಕಂಬಳಿಯನ್ನು ಅಲಮಾರಿಯ ಕೆಳಗಿನ ಅರೆಯಲ್ಲಿ ಬಚ್ಚಿಟ್ಟು, ಅಪವಾದವನ್ನೆಲ್ಲ ತಲೆಯ ಮೇಲೆ ಹೊರಲು ಸಿದ್ಧಳಾದೆ. ಡೈರಿಯಲ್ಲಿ ಆ ದಿನದ ಪುಟ ಬಹಳ ಭಾವಪೂರ್ಣವಾಗಿದೆ. ಈಗ ಓದಲು ನಾಚಿಕೆ.

ಅತ್ತೆ ಬಂದವರೇ ಕಾಲು ತೊಳೆದು, ತಲೆ ಬಾಚಿ, ಟಿವಿಯ ಮುಂದೆ ಕೂತರು. ತಮ್ಮನ್ನು ನೋಡಲು ತಲೆ ಬಾಚಿಕೊಂಡರು.

ಮೂರು ನಿಮಿಷದಷ್ಟು ಉಳಿದಿತ್ತು. ಅತ್ತೆ ಬರುತ್ತಾರೆ, ನಮಸ್ಕರಿಸುತ್ತಾರೆ. ಸೂಜಿ ಕೈಗೆತ್ತಿಕೊಂಡ ಮರುಕ್ಷಣ ದಾರ ಪೋಣಿಸಿಯಾಗಿದೆ. ಕತ್ತರಿ ಎತ್ತುತ್ತಾರೆ, ಕಾಲರ್ ಕಳಚಿಬಿದ್ದಿದೆ. ಕೈಗಳು ಮಿಂಚಿನ ಹಾಗೆ ಅಲ್ಲಿಂದಿಲ್ಲಿಗೆ ಹಾರುತ್ತವೆ. ಆಮೇಲೆ ಬಾಯಿ ಅರ್ಧ ತೆರೆದ ಅತ್ತೆ ಹಾಗೇ ನಿಂತುಬಿಟ್ಟರು. ಅಷ್ಟೇ.

"ಆಮೇಲೆ?" ಎಂದರು ಅತ್ತೆ.

"ಅಷ್ಟೇ ಬಂದಿರೋದು ಅತ್ತೆ."

"ಕಾಲರ್ ತಿರುಗಿಸಿ ಹೊಲಿದದ್ದು?"

"ಬರಲಿಲ್ಲ. ನನ್ನದೇ ತಪ್ಪು. ಸಾಫ್ಟ್‌ವೇರ್ ಸಾಕು ಅಂತ ಹಟ ಮಾಡಿದ್ದು ನಾನೇ."

ನಮ್ಮವರು ಕುರ್ಚಿಯ ತುದಿಗೆ ಜರುಗಿದರು. "ನಾನು ಮೊದಲೇ ಹೇಳಿದ್ದೆ. ಒಂದು ಕೆಲಸಕ್ಕೆ ಒಂದು..."

"ಯಂತ್ರ. ಗೊತ್ತು ಬಿಡಿ."

"ಸುಮ್ನಿರೋ," ಎಂದರು ಅತ್ತೆ ಮಗನಿಗೆ. ನನ್ನ ಕಡೆ ತಿರುಗಿ, "ಹೋಗ್ಲಿ ಬಿಡಮ್ಮ. ಬಂದಷ್ಟು ಬಂತಲ್ಲ," ಎಂದು ಎದ್ದು ಒಳಗೆ ಹೋದರು. ಬಾಚಿದ ತಲೆಯ ಹಿಂಭಾಗ ನೋಡಿ ನನಗೆ ಅಳುವೇ ಬಂತು.

ಮರುದಿನ ವಾಹಿನಿಯ ಕಚೇರಿಗೆ ಫೋನ್ ಮಾಡಿ ಮಾಡಿ ಅವರಿಗೆ ತಲೆಚಿಟ್ಟು ಹಿಡಿಸಿದೆ. ಕೊನೆಗೆ ಒಬ್ಬಾಕೆ, "ಭಾನುವಾರ ಬೆಳಿಗ್ಗೆ ಮರುಪ್ರಸಾರ ಇದೆ ಮೇಡಂ, ಇನ್ನು ಫೋನ್ ಮಾಡಬೇಡಿ," ಎಂದು ವರ ಕೊಟ್ಟಳು. ಸಂಜೆಯೇ ನಮ್ಮವರು ಎನ್‌ಕೋಡಿಂಗ್ ಕಾರ್ಡ್ ತಂದರು. ಅಂಗೈಯಷ್ಟು ಹಸಿರು ಹಲಗೆ. ಗೆದ್ದ ಮಲ್ಲನ ಗತ್ತಿನಲ್ಲಿ ತಿರುಪುಳಿ ಹಿಡಿದು ತಾವೇ ಸಿಕ್ಕಿಸಿದರು. ನಾನು ಹಳೆಯ ರೆಕಾರ್ಡಿಂಗನ್ನೆಲ್ಲ ಅಳಿಸಿ, ಡಿಸ್ಕನ್ನು ತೊಳೆದ ಬಟ್ಟಲಿನ ಹಾಗೆ ಮಾಡಿ, ಪ್ರಾಯಶ್ಚಿತ್ತ ಮುಗಿಸಿದೆ.

ಭಾನುವಾರ ಕಂಪ್ಯೂಟರ್ ಒಂದು ಸೊಲ್ಲೆತ್ತಲಿಲ್ಲ. ಫ್ಯಾನು ನಿಟ್ಟುಸಿರಿನಷ್ಟು. ಜಾಲರಿಗೆ ಕೈಯಿಟ್ಟರೆ ತಣ್ಣಗೆ. ಕಾಲುಚೀಲಗಳು ಒಣಗಲಿಲ್ಲ. ಗುಂಡಿ ಮಲಗಲಿಲ್ಲ. ಅವಳನ್ನು ಹೆಗಲ ಮೇಲೆ ಹಾಕಿಕೊಂಡು, "ಗುಂಯ್, ಗುಂಯ್" ಎಂದು ನಾನೇ ಬಾಯಲ್ಲಿ ಸಾಫ್ಟ್‌ವೇರ್ ಎನ್‌ಕೋಡಿಂಗ್ ಮಾಡುತ್ತ ವರಾಂಡದಲ್ಲಿ ಓಡಾಡಬೇಕಾಯಿತು.

ಆದರೆ ಚಿತ್ರ? ಏಳು ನಿಮಿಷಕ್ಕೆ ಏಳು ನಿಮಿಷ, ಒಂದು ಚಿತ್ರವೂ ತಪ್ಪಿಲ್ಲ. ನಮ್ಮವರು, "ಗಾಜು ಒರೆಸಿದ ಹಾಗಿದೆ," ಎಂದರು. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ.

ಅತ್ತೆ ಮತ್ತೆ ತಲೆ ಬಾಚಿ ಬಂದು ಕೂತರು. ಟಿವಿಯೊಳಗಿನ ಅತ್ತೆ ನಮಸ್ಕರಿಸಿದರು. ಸೂಜಿ ಎತ್ತಿಕೊಂಡರು. ದಾರದ ತುದಿ ಸೂಜಿಯ ಕಣ್ಣಿನ ಎಡಕ್ಕೆ ಹೋಯಿತು. ಬಲಕ್ಕೆ ಹೋಯಿತು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಅತ್ತೆ ದಾರವನ್ನು ತುಟಿಗೆ ಒತ್ತಿ, ನಕ್ಕು, ಮತ್ತೆ ಪ್ರಯತ್ನಿಸಿದರು. ಐದನೆಯ ಸಲ ದಾರ ಹೋಯಿತು. ಸ್ಟುಡಿಯೋದಲ್ಲಿ ಬೆಳಕಿಗೇನೂ ಕಡಿಮೆಯಿರಲಿಲ್ಲ. ಕಾಲರ್ ನಿಧಾನವಾಗಿ ಬಿಚ್ಚಿತು, ನಿಧಾನವಾಗಿ ತಿರುಗಿತು. ಕೊನೆಯಲ್ಲಿ ಕ್ಯಾಮೆರಾ ಹತ್ತಿರ ಬಂದಾಗ ಹೊಲಿಗೆ ಮಾತ್ರ ಇರುವೆ ಸಾಲಿನ ಹಾಗೆ ನೆಟ್ಟಗಿತ್ತು.

ನಾನು ಗುಂಡಿಯನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡೆ.

"ಹೊಲಿಗೆ ಎಷ್ಟು ಚೆಂದ ಬಂದಿದೆ ನೋಡಿ ಅತ್ತೆ," ಎಂದೆ.

"ಹೂಂ. ಹೊಲಿಗೆ ಚೆನ್ನಾಗಿದೆ." ಅತ್ತೆ ನನ್ನ ಕಡೆ ತಿರುಗಿದರು, "ಆದ್ರೂ ಆ ಮೊದಲಿನದೇ ಹಾಕಮ್ಮ. ಅದ್ರಲ್ಲಿ ನನ್ನ ಕೈ ಎಷ್ಟು ಚುರುಕಾಗಿತ್ತು. ಬಟ್ಟೆ ಕೋಣೇಲಿದ್ದಾಗ ಹಾಗೇ ಇದ್ದೆ ನಾನು. ಇವನಪ್ಪ ನೋಡಿ ಬೆರಗಾಗ್ತಿದ್ರು."

ನಮ್ಮವರು ಕಣ್ಣಲ್ಲೇ ಪ್ರಶ್ನೆ ಕೇಳಿದರು, ನಾನು ಕಣ್ಣಲ್ಲೇ ಉತ್ತರ ಕೊಟ್ಟೆ. ಅವರು ಹಣೆಗೆ ಕೈ ಹಚ್ಚಿದರು.

"ಅತ್ತೆ, ಅದನ್ನ... ಅಳಿಸಿಬಿಟ್ಟೆ."

ಬೈಯುತ್ತಾರೆ ಎಂದುಕೊಂಡೆ. ಅತ್ತೆ ಕಂಪ್ಯೂಟರಿದ್ದ ಕೋಣೆಯ ಕಡೆ ನೋಡಿ ಏನೋ ಲೆಕ್ಕ ಹಾಕುತ್ತಿದ್ದರು.

"ಈಗ ಬಂದಿದ್ಯಲ್ಲ, ಇದನ್ನೇ ಟಿವೀಲಿ ಹಾಕಿ ಇನ್ನೊಂದ್ಸಲ ರೆಕಾರ್ಡ್ ಮಾಡೋಕಾಗುತ್ತಾ? ನಿನ್ನ ಹಳೇ ದಾರೀಲಿ?"

"ಆಗಬಹುದು. ಆದ್ರೆ ಅಷ್ಟು ಕೆಟ್ಟದಾಗಿ ಬರುತ್ತೆ ಅಂತ ಹೇಳೋಕಾಗಲ್ಲ ಅತ್ತೆ."

"ಯಾಕೆ ಬರಲ್ಲ? ಅಲಮಾರಿ ಕೆಳಗಿನ ಅರೇಲಿ ಒದ್ದೆ ಕಂಬಳಿ ತುರುಕಿದ್ಯಲ್ಲ, ಮೂರೇ ದಿನಕ್ಕೆ ಮುಗ್ಗಲು ವಾಸನೆ ಬಂದಿತ್ತು. ಮೂವತ್ತೊಂದು ವರ್ಷ ಬಟ್ಟೆ ಕೋಣೆ ನೋಡಿದವಳಿಂದ ಕಂಬಳಿ ಬಚ್ಚಿಡ್ತೀಯಾ? ಒಗೆದು ಒಣಗಿಸಿಟ್ಟಿದೀನಿ." ಅತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದರು. "ನೀನು ಆ ಕಾರ್ಡ್ ಕಳಚು. ನಾನು ಮತ್ತೆ ಒದ್ದೆ ಮಾಡಿ ತರ್ತೀನಿ."