ಕರೆಂಟು ಕುಡಿಯುತ್ತಿದ್ದವರು ಯಾರು

ಜೂನ್ ಎಂಟು, ಬೆಳಿಗ್ಗೆ ಏಳು ಇಪ್ಪತ್ತು. ಚಿಕ್ಕಲಸಂದ್ರದ ನಮ್ಮ ಮನೆಯ ನೆಲಮಾಳಿಗೆಯಲ್ಲಿ ನಿಂತಿದ್ದ ಕಾರು, ಕೀಲಿ ತಿರುಗಿಸಿದರೆ, ಮೊದಲ ಸಲ 'ಟಿಕ್' ಎಂದು ಸುಮ್ಮನಾಯಿತು. ಹೊತ್ತನ್ನು ಇಷ್ಟು ಖಚಿತವಾಗಿ ಹೇಳುತ್ತಿರುವುದಕ್ಕೆ ಕಾರಣ, ನನಗೆ ಬರೆದಿಡುವ ಚಟ. ಹಾಲು ಒಡೆದ ದಿನ, ಗೀಸರ್ ಕೈಕೊಟ್ಟ ದಿನ, ಎದುರುಮನೆ ಆಂಟಿ ನನ್ನ ಮದುವೆಯ ವಿಷಯ ಎತ್ತಿದ್ದು ಈವರೆಗೆ ಹದಿನೇಳು ಸಲ, ಎಲ್ಲಕ್ಕೂ ದಾಖಲೆಯಿದೆ. ಕಾರಿಗೆಂದೇ ಬೇರೆ ಪುಸ್ತಕ. ಸರ್ವಿಸಿನ ಚೀಟಿಗಳನ್ನೆಲ್ಲ ಅಂಟಿಸಿ ಅಂಟಿಸಿ ಅದಕ್ಕೆ ಒಳ್ಳೇ ಹೊಟ್ಟೆ ಬಂದಿದೆ. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಅದರ ವಾಸ.

ಕಾರು ಬೇಕಾಗಿದ್ದದ್ದು ಅಜ್ಜಿಗೆ. ಮಂಡಿ ಆಪರೇಷನ್ ಆದ ಮೇಲೆ ವಾರಕ್ಕೆರಡು ದಿನ ಜಯನಗರಕ್ಕೆ ವ್ಯಾಯಾಮಕ್ಕೆ ಕರೆದೊಯ್ಯಬೇಕು. ಆಟೋದ ಕುಲುಕಾಟ ಅವಳಿಗೆ ಆಗದು. ಎರಡು ಸಲ ತಪ್ಪಿದ್ದಕ್ಕೇ ಮಡಚುವುದನ್ನು ಕಲಿಯುತ್ತಿದ್ದ ಮಂಡಿ ಮತ್ತೆ ಬಿಗಿಯಿತು. ಅಪ್ಪ, "ಮಾರ್ಬಿಡೋಣಮ್ಮ ಇದನ್ನ, ಸಾಕು" ಅಂದರು. ತಿಂಗಳ ಕೊನೆಯವರೆಗೆ ಗಡುವು ಕೇಳಿ, ಪಟ್ಟು ಹಿಡಿದು ಕೂತೆ.

ನಮ್ಮ ರಸ್ತೆಯ ಆಟೋ ಎಲೆಕ್ಟ್ರಿಷಿಯನ್ ಮಂಜಣ್ಣ ನೋಡಿ ಹೇಳಿದರು: "ಬ್ಯಾಟ್ರಿ ಹೊಸದು ಮೇಡಂ, ಚಾರ್ಜೂ ಆಗ್ತಾ ಐತೆ. ಗಾಡಿ ನಿಂತಿದ್ದಾಗ ಒಳಗೆ ಯಾರೋ ಕೂತ್ಕೊಂಡು ಕರೆಂಟ್ ಕುಡೀತವ್ರೆ."

ಹಿಡಿಯುವ ದಾರಿಯನ್ನೂ ಅವರೇ ಕಲಿಸಿದರು. ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿ ನಡುವೆ ಮೀಟರು ಸೇರಿಸುವುದು, ಬಾಗಿಲು ಮುಚ್ಚಿ ಅರ್ಧ ಗಂಟೆ ಕಾಯುವುದು, ಅಂಕಿ ಹೆಚ್ಚಿದ್ದರೆ ಒಂದೊಂದೇ ಫ್ಯೂಸು ಕೀಳುವುದು. ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಮೂರು ಭಾನುವಾರ ಅಳೆದೆ. ಮೂರು ಸಲವೂ ಸೊನ್ನೆ ಪಾಯಿಂಟ್ ಸೊನ್ನೆ ಮೂರು ಆಂಪ್, ದೋಷವೇ ಇಲ್ಲ. ಬರೆದು, ಪುಸ್ತಕವನ್ನು ಡಬ್ಬಿಯಲ್ಲಿಟ್ಟು ಬೀಗ ಹಾಕಿ ಬಂದರೆ ಮೂರನೇ ದಿನ ಮತ್ತೆ 'ಟಿಕ್'. ಅನುಮಾನಕ್ಕೆ ಸ್ಟೀರಿಯೋ ಕಿತ್ತೆ. ಹಾಡು ನಿಂತಿತು, ಸೋರಿಕೆ ನಿಲ್ಲಲಿಲ್ಲ.

ಜೂನ್ ಇಪ್ಪತ್ತಾರು. ಅಜ್ಜಿ ಸೀರೆ ಉಟ್ಟು, ಮುಂದಿನ ಸೀಟಿನಲ್ಲಿ ಕೂತಾಗಿತ್ತು. ಕೀಲಿ ತಿರುಗಿಸಿದೆ. ಟಿಕ್. ನಾನು ಹಣೆ ಚಚ್ಚಿಕೊಳ್ಳುತ್ತಿರುವಾಗ ಅಜ್ಜಿ ಮುಂದಕ್ಕೆ ಬಗ್ಗಿ, "ಏನೇ, ಈ ಡಬ್ಬಿ ಸಂದೀಲಿ ಕೆಂಪಗೆ ಮಿಣುಕ್ತಿರೋದು? ನಂದಾದೀಪ ಇಟ್ಟಿದೀಯಾ?" ಅಂದಳು.

ತೆರೆದೆ. ಡಬ್ಬಿಯೊಳಗಿನ ಪುಟ್ಟ ಬಲ್ಬು ಸಾಯಲಿಕ್ಕಾಗಿತ್ತು. ಉಬ್ಬಿದ ಪುಸ್ತಕ ಅಡ್ಡ ಬಂದು ಮುಚ್ಚಳ ಕೂದಲೆಳೆಯಷ್ಟು ತೆರೆದೇ ಇರುತ್ತಿತ್ತು. ದೀಪ ಆರಿಸುವ ಗುಂಡಿಯನ್ನು ಅದು ಅದುಮುತ್ತಲೇ ಇರಲಿಲ್ಲ. ಮಂಜಣ್ಣ ಬಂದು ಬೇರೆ ಬ್ಯಾಟರಿಯಿಂದ ವೈರು ಕೊಟ್ಟು ಕಾರು ಎಬ್ಬಿಸಿದರು. ಜಯನಗರದಿಂದ ಬಂದ ಮೇಲೆ ಅಳೆದೆ. ಪುಸ್ತಕ ಒಳಗಿದ್ದರೆ ಸೊನ್ನೆ ಪಾಯಿಂಟ್ ನಾಲ್ಕು ಎರಡು, ಹೊರಗಿದ್ದರೆ ಸೊನ್ನೆ ಪಾಯಿಂಟ್ ಸೊನ್ನೆ ಮೂರು. ಮೂರು ಭಾನುವಾರವೂ ಕಳ್ಳ ನನ್ನ ತೊಡೆಯ ಮೇಲೇ ಕೂತಿದ್ದ. ಅವನ ಮೈಮೇಲೆಯೇ ನಾನು ದೂರು ಬರೆಯುತ್ತಿದ್ದೆ!

"ದೇವರ ದೀಪಕ್ಕೆ ಎಣ್ಣೆ ಹಾಕೇ ಅಂದ್ರೆ ಮರೀತೀಯ. ನಿನ್ನ ಪುಸ್ತಕಕ್ಕೆ ಮಾತ್ರ ಹಗಲೂ ರಾತ್ರಿ ದೀಪ," ಅಂದಳು ಅಜ್ಜಿ.

ಕಾರು ಉಳಿಯಿತು, ಅಜ್ಜಿಯ ಮಂಡಿ ಈಗ ಎರಡು ಮೆಟ್ಟಿಲು ಹತ್ತುತ್ತದೆ. ಆದರೆ ಆ ಸೊನ್ನೆ ಪಾಯಿಂಟ್ ಸೊನ್ನೆ ಮೂರನ್ನು ಕುಡಿಯುತ್ತಿರುವವರು ಯಾರು? "ಗಡಿಯಾರ ಇರ್ಬೇಕು, ಬಿಡಿ ಮೇಡಂ" ಎನ್ನುತ್ತಾರೆ ಮಂಜಣ್ಣ. ನನಗೆ ಬಿಡಲಾಗುತ್ತಿಲ್ಲ. ಬಲ್ಲವರು ದಯವಿಟ್ಟು ಬರೆದು ತಿಳಿಸಿ. ತೆಳ್ಳನೆಯ ಕಾಗದದಲ್ಲಿ ಬರೆಯಿರಿ, ಅದನ್ನೂ ಅಂಟಿಸಬೇಕಲ್ಲ.